ಒಂದೇ ಭಾವದ ಶನಿವಾರ

ಕಳೆದ ಶನಿವಾರ ಸಂಜೆ, ಸಂತೆಯ ಜನ ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ತುಂಬಿದ್ದಾಗ, ನಲವತ್ತು ವರ್ಷಗಳಿಂದ ನನ್ನ ಗೆಳೆಯನಾಗಿದ್ದವನು ನಡುಬೀದಿಯಲ್ಲಿ ನಿಂತು ನನ್ನನ್ನು ‘ಕಳ್ಳಾ’ ಎಂದು ಕೂಗಿದ. ಹೆಂಡತಿಯ ಎದುರಿಗೆ. (ಅವನ ಹೆಂಡತಿಯ ಎದುರಿಗೆ. ನನ್ನವಳು ಮನೆಯಲ್ಲಿದ್ದಳು. ಆದರೆ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು.)

ಇಷ್ಟಕ್ಕೇ ನಿಲ್ಲಿಸಿದರೆ ನೀವೆಲ್ಲ ನನ್ನ ಪರವಾಗಿಯೇ ಮಾತಾಡುತ್ತೀರಿ. ಪಾಪ, ವಯಸ್ಸಾದ ಮನುಷ್ಯ, ಎಂಥ ಅವಮಾನ ಎನ್ನುತ್ತೀರಿ. ಆದರೆ ಹಾಗೆ ಕೂಗಲು ಅವನನ್ನು ನಾನೇ ಕಳಿಸಿದ್ದೆ. ಕೂಗಬೇಕಾದ ಮಾತು ಮಾತ್ರ ಬೇರೆ ಇತ್ತು.

ಈ ಅಂಕಣವನ್ನು ತಪ್ಪದೆ ಓದುವವರಿಗೆ ನೆನಪಿರಬಹುದು. ನಮ್ಮ ಹುಬ್ಬಳ್ಳಿಗೆ ಕಾಮರ್ಸ್ ಕಾಲೇಜು ಬಂದಿದೆ, ಇನ್ನು ವ್ಯಾಪಾರ ಕಲಿಯಲು ನಮ್ಮ ಹುಡುಗರು ಮುಂಬಯಿಗೆ ಹೋಗಬೇಕಿಲ್ಲ ಎಂದು ಊರೆಲ್ಲ ಸಂಭ್ರಮಪಡುತ್ತಿದ್ದಾಗ ನಾನೊಬ್ಬ ಇಲ್ಲಿ ಮೂಗು ಮುರಿದಿದ್ದೆ. ವ್ಯಾಪಾರಕ್ಕೆ ಡಿಗ್ರಿ ಯಾಕೆ? ರೊಟ್ಟಿ ಬಡಿಯಲು ಯಾರಾದರೂ ಯೂನಿವರ್ಸಿಟಿಗೆ ಹೋಗುತ್ತಾರೆಯೇ? ಹೀಗೆಲ್ಲ ಬರೆದಿದ್ದೆ. ಪೇಟೆಯ ಸಾವುಕಾರರು ಕರೆದು ಚಹಾ ಕುಡಿಸಿದರು. ಒಬ್ಬರಂತೂ ಆ ಪುಟವನ್ನು ಹರಿದು ರೊಕ್ಕದ ಗಲ್ಲೆಯ ಮೇಲೆ ಅಂಟಿಸಿದರು. ನಾನು ಹದಿನೈದು ದಿನ ಉಬ್ಬಿ ತಿರುಗಾಡಿದೆ.

ಆಮೇಲೆ ನನ್ನ ಮನೆಯಲ್ಲೇ ಬೆಂಕಿ ಹತ್ತಿತು.

ನೀಲಾ ನನ್ನ ಮೊಮ್ಮಗಳು, ಮಗನ ಮಗಳು. ಈ ಸಲ ಮ್ಯಾಟ್ರಿಕ್ ಪಾಸಾದಳು. ನಾನೂ ಮ್ಯಾಟ್ರಿಕ್. ಸೀರೆ ಪೇಟೆಯಲ್ಲಿ ಹೈಸ್ಕೂಲು ಮುಗಿಸಿದ ಒಬ್ಬನೇ ಒಬ್ಬ ಮುದುಕ ಎಂಬುದು ನನ್ನ ಹೆಗ್ಗಳಿಕೆ. ಅಂಚೆಯವನು ಯಾರಿಗಾದರೂ ಇಂಗ್ಲಿಷ್ ತಾರು ತಂದರೆ ಓದಿಸಲು ನನ್ನಲ್ಲಿಗೇ ಬರುತ್ತಾರೆ. ಈಗ ಮನೆಯಲ್ಲಿ ನಾವಿಬ್ಬರೂ ಸರಿಸಮ. ಇದೇ ನನಗೆ ಒಳಗೊಳಗೆ ಸ್ವಲ್ಪ ಚುಚ್ಚುತ್ತಿತ್ತು. ಅಷ್ಟರಲ್ಲಿ ಒಂದು ದಿನ ಊಟಕ್ಕೆ ಕೂತಾಗ ಬಾಂಬು ಹಾಕಿದಳು.

‘ಅಜ್ಜಾ, ನಾ ಕಾಮರ್ಸ್ ಕಾಲೇಜಿಗೆ ಹೋಗ್ತೇನಿ. ಬಿ.ಕಾಂ. ಮಾಡ್ತೇನಿ.’

‘ಅಲ್ಲೇನು ಕಲಸ್ತಾರ?’

‘ವ್ಯಾಪಾರ.’

‘ಮನ್ಯಾಗ ಇಷ್ಟು ದೊಡ್ಡ ವ್ಯಾಪಾರ ಐತಿ. ಫೀ ಬ್ಯಾಡ, ಪುಸ್ತಕ ಬ್ಯಾಡ. ಪುಕ್ಕಟ ಕಲಸ್ತೇನಿ, ಬಾ.’

‘ನೀ ಮಾಡೂದು ವ್ಯಾಪಾರ ಅಲ್ಲಜ್ಜಾ. ನಾಟಕ.’

ನನ್ನ ಹೆಂಡತಿ ಸಾರಿನ ಸೌಟು ಹಿಡಿದುಕೊಂಡು ನಿಂತುಬಿಟ್ಟಳು. ಮಗ ತಲೆ ಎತ್ತಲಿಲ್ಲ. (ಅವನು ಯಾವ ಮಾತಿಗೂ ‘ಅಪ್ಪಾರು ಹೇಳಿದಂಗ’ ಎನ್ನುವವನು. ಆ ಹೊತ್ತಿಗೆ ಅಪ್ಪಾರು ಏನೂ ಹೇಳುವ ಸ್ಥಿತಿಯಲ್ಲಿರಲಿಲ್ಲ.)

ನಾಟಕ ಎಂದಳಲ್ಲ, ಅದೇನೆಂದು ಹೇಳಿಬಿಡುತ್ತೇನೆ. ನಿಮಗೆ ಗೊತ್ತಿಲ್ಲದ್ದೇನಲ್ಲ, ನೀವೂ ಅದರಲ್ಲಿ ಪಾತ್ರ ಮಾಡಿದವರೇ. ನನ್ನ ಸೀರೆ ಅಂಗಡಿಯಲ್ಲಿ ಗಂಭೀರವಾಗಿ ಗಾದಿಯ ಮೇಲೆ ನಾನು ಕೂತಿರುತ್ತೇನೆ. ಗಿರಾಕಿ ಬರುತ್ತಾರೆ. ಯಾವೂರು, ಮಳೆ ಆತೇನು, ಯಾರ ಮದುವಿ ಎಂದು ಕೇಳುತ್ತೇನೆ. ಕೇಳುತ್ತಲೇ ಅವರ ಕಾಲಲ್ಲಿನ ಚಪ್ಪಲಿ, ಕೈಯಲ್ಲಿನ ಬಳೆ, ಜೊತೆಗೆ ಬಂದ ಗಂಡಸಿನ ರುಮಾಲು ಎಲ್ಲ ನೋಡಿಕೊಳ್ಳುತ್ತೇನೆ. ಆಮೇಲೆ ಸೀರೆಯ ಭಾವ ಹೇಳುತ್ತೇನೆ, ಇಷ್ಟು ರೂಪಾಯಿ ಎಂದು. ಅವರು ಅದರರ್ಧಕ್ಕೆ ಕೇಳುತ್ತಾರೆ. ನಾನು ಎದೆಯ ಮೇಲೆ ಕೈ ಇಟ್ಟುಕೊಂಡು ಸೀರೆ ಮಡಿಚುತ್ತೇನೆ. ಅವರು ಏಳುತ್ತಾರೆ. ಒಂದು ಮೆಟ್ಟಿಲು ಇಳಿಯುವವರೆಗೂ ನಾನು ಸುಮ್ಮನಿರುತ್ತೇನೆ. ಎರಡನೇ ಮೆಟ್ಟಿಲಿಗೆ ಕರೆಯುತ್ತೇನೆ: ‘ಬರ್ರಿ ಬರ್ರಿ, ನಿಮಗಂತ ಕೊಡ್ತೇನಿ. ಹೊರಗ ಯಾರಿಗೂ ಹೇಳಬ್ಯಾಡ್ರಿ.’

ಈ ‘ನಿಮಗಂತ’ ಎಂಬ ಮಾತಿನ ಮೇಲೆ ನನ್ನ ಮನೆಯ ಮಾಳಿಗೆ ನಿಂತಿದೆ. ಗಿರಣಿ ಬಟ್ಟೆಗಾದರೆ ಸರಕಾರದ ಮುದ್ರೆಯ ದರ ಉಂಟು. ಇಳಕಲ್ಲಿನ ಕೈಮಗ್ಗದ ಸೀರೆಗೆ ನಮ್ಮ ನಾಲಿಗೆಯೇ ಮುದ್ರೆ.

ನೀಲಾ ತನ್ನ ಗೆಳತಿಯ ಅಣ್ಣನ ಕಡೆಯಿಂದ ಕಾಲೇಜಿನ ಒಂದು ಪುಸ್ತಕ ತಂದು ಓದಿದ್ದಳು. ಅದರಲ್ಲಿ ಬರೆದಿದೆಯಂತೆ: ದೊಡ್ಡ ದೊಡ್ಡ ಶಹರಗಳ ಅಂಗಡಿಗಳಲ್ಲಿ ಎಲ್ಲರಿಗೂ ಒಂದೇ ಭಾವ. ರಾಣಿ ಬಂದರೂ ಅಷ್ಟೇ, ಕಸ ಗುಡಿಸುವವಳು ಬಂದರೂ ಅಷ್ಟೇ. ನಾನು ನಕ್ಕೆ. ‘ಅಲ್ಲಿ ನಡೀತದ. ಹುಬ್ಬಳ್ಳ್ಯಾಗ ನಡಿಸಿ ತೋರ್ಸು ನೋಡೋಣು.’

‘ತೋರಸ್ತೇನಿ. ಶನಿವಾರ ಅಂಗಡಿ ನನ್ನ ಕೈಗೆ ಕೊಡು.’

ಆಗ ನನಗೊಂದು ಉಪಾಯ ಹೊಳೆಯಿತು. ಗದಗಿನಿಂದ ಒಂದು ಗಂಡು ಕೇಳಿಕೊಂಡು ಬಂದಿತ್ತು. ಒಳ್ಳೆಯ ಮನೆತನ. ಹುಡುಗಿ ಒಲ್ಲೆ ಎನ್ನುತ್ತಿದ್ದಳು. ನಾನು ಎಲ್ಲರೆದುರು ಶರತ್ತು ಹಾಕಿದೆ: ನಾನು ಸಂತೆಯ ದಿನ ಸಾಧಾರಣ ಎಂಟು ಸೀರೆ ಮಾರುತ್ತೇನೆ. ನೀನು ಒಂದೇ ಭಾವದಿಂದ, ದೀಪ ಹಚ್ಚುವುದರೊಳಗೆ ಎಂಟು ಸೀರೆ ಮಾರು. ಮಾರಿದರೆ ಕಾಲೇಜು. ಇಲ್ಲದಿದ್ದರೆ ಗದಗು.

ಒಪ್ಪಿದಳು. ಅರೆಗಳಿಗೆಯೂ ಯೋಚಿಸಲಿಲ್ಲ. ನನಗೆ ಭಯ ಹುಟ್ಟಿದ್ದೇ ಅದನ್ನು ನೋಡಿ.

ಆ ಭಯದಲ್ಲಿಯೇ ನಾನು ಗುರುಸಿದ್ದಪ್ಪನ ಮನೆಗೆ ಹೋದೆ. ಗುರುಸಿದ್ದಪ್ಪ ರಿಟಾಯರಾದ ಸಾಲಿ ಮಾಸ್ತರು. ಅವನ ಗಂಟಲು ಇನ್ನೂ ರಿಟಾಯರಾಗಿಲ್ಲ. ಅವನು ಪಾಠ ಹೇಳಿದರೆ ಪಕ್ಕದ ಶಾಲೆಯ ಹುಡುಗರೂ ಕಲಿಯುತ್ತಿದ್ದರು. ಕೆಲಸ ಹೇಳಿದೆ. ಸಂಜೆ ಗಿರಾಕಿಗಳು ತುಂಬಿದಾಗ ಬಾ. ಸೀರೆ ಕೇಳು. ಕಡಿಮೆ ಮಾಡದಿದ್ದರೆ ‘ಇದೇನು ಅಂಗಡಿಯೋ, ರೇಶನ್ ಡಿಪೋವೋ’ ಎಂದು ಚೀರಾಡು. ನಾಲ್ಕು ಜನರನ್ನು ಕಟ್ಟಿಕೊಂಡು ಹೊರಗೆ ನಡೆ.

‘ಸಣ್ಣ ಹುಡುಗಿ ಮ್ಯಾಲೆ ಚೀರು ಅಂತಿಯಲ್ಲೋ, ಚನ್ನಪ್ಪಾ?’

‘ಆಕಿ ಒಳ್ಳೇದಕ್ಕ.’

‘ಹಂಗಾದ್ರ ಎರಡು ಪ್ಲೇಟ್ ಮಿರ್ಚಿ, ಒಂದು ಸ್ಪೆಷಲ್ ಚಹಾ.’

‘ಒಂದು ಪ್ಲೇಟ್.’

‘ಒಂದ್ಯಾಕೋ? ಗಂಟಲಾ ನಂದು.’

‘ಒಂದು ಪ್ಲೇಟ್, ಮ್ಯಾಲೆ ಒಂದು ಎಲಿ ಅಡಿಕಿ. ನಿನಗಂತ.’

ಒಪ್ಪಿದ.

ಶನಿವಾರ ಬಂತು. ನೀಲಾ ಬೆಳಿಗ್ಗೆಯೇ ಅಂಗಡಿ ಗುಡಿಸಿ, ಎಲ್ಲ ಸೀರೆಗಳಿಗೂ ಭಾವದ ಚೀಟಿ ಸಿಗಿಸಿದಳು. ತನ್ನ ಸಣ್ಣಂದಿನ ಪಾಟಿಯ ಮೇಲೆ ಬಳಪದಿಂದ ‘ಎಲ್ಲರಿಗೂ ಒಂದೇ ಭಾವ’ ಎಂದು ಬರೆದು ಬಾಗಿಲಿಗೆ ತೂಗುಹಾಕಿದಳು. ನಾನು ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತೆ. ನಮ್ಮ ಓಣಿ ಎಷ್ಟು ಸಣ್ಣದೆಂದರೆ ಅಲ್ಲಿ ಕೆಮ್ಮಿದರೆ ಇಲ್ಲಿ ‘ಔಷಧ ತಗೊಂಡ್ರೇನ್ರಿ’ ಎನ್ನುತ್ತಾರೆ.

ಮೊದಲು ಬಂದವರು ಕುಂದಗೋಳ ಕಡೆಯ ಮೂವರು ಹೆಂಗಸರು.

‘ಎಷ್ಟವ್ವಾ, ಇದು?’

‘ಹದಿನೆಂಟು ರೂಪಾಯಿ ರೀ.’

‘ಹನ್ನೆರಡಕ್ಕ ಕೊಡು.’

‘ಹದಿನೆಂಟ ಐತ್ರಿ, ಅಕ್ಕಾರ. ಪಾಟಿ ನೋಡ್ರಿ.’

‘ಪಾಟಿ ಉಟ್ಕೋಳಾಕ ಬರತೈತೇನು?’ ಎಂದಳು ಒಬ್ಬಳು. ಇನ್ನೊಬ್ಬಳು ಒಳಗೆ ಇಣುಕಿ ಹುಡುಕಿದಳು. ‘ಮುದುಕಪ್ಪ ಎಲ್ಲಿ ಹೋದಾ? ಅಂವಾ ಇದ್ರ ಛಲೋ ಜಗಳಾ ಆಡತಿದ್ದ.’ ಮೂವರೂ ಇಳಿದು ಹೋದರು. ಒಂದು ಮೆಟ್ಟಿಲು, ಎರಡನೇ ಮೆಟ್ಟಿಲು. ನೀಲಾ ಕರೆಯಲಿಲ್ಲ. ಅವರು ಬೀದಿಯಲ್ಲಿ ನಿಂತು ತಿರುಗಿ ನೋಡಿದರು. ಕರೆಯದಿದ್ದಕ್ಕೆ ಅವರಿಗೇ ನಾಚಿಕೆಯಾದಂತೆ ಕಂಡಿತು.

ನಾನು ಎರಡನೇ ಚಹಾ ಹೇಳಿದೆ.

ಮಧ್ಯಾಹ್ನದವರೆಗೆ ಎರಡೇ ಸೀರೆ ಹೋದವು. ಅವೂ ಇಬ್ಬರು ಅವಸರದವರಿಗೆ, ರೈಲಿಗೆ ಹೊತ್ತಾಗಿತ್ತು. ನೀಲಾ ಡಬ್ಬಿ ಬಿಚ್ಚಿ ರೊಟ್ಟಿ ತಿಂದಳು. ಎಡಗೈಯಲ್ಲಿ ಆ ಪುಸ್ತಕ. ಹುಡುಕುತ್ತಿದ್ದಳು, ಹಾಳೆ ಹಿಂದಕ್ಕೂ ಮುಂದಕ್ಕೂ ತಿರುವುತ್ತಿದ್ದಳು. ಕುಂದಗೋಳದ ಹೆಂಗಸರ ವಿಷಯ ಅದರಲ್ಲಿ ಬರೆದಿರಲಿಲ್ಲವೆಂದು ಕಾಣುತ್ತದೆ. ಆಮೇಲೆ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಬೀದಿ ನೋಡುತ್ತ ಕೂತಳು. ಆ ಮುಖ ನೋಡಿ ನನಗೆ ‘ಸಾಕು, ಬಾ’ ಎನ್ನಬೇಕೆನಿಸಿತು. ಎನ್ನಲಿಲ್ಲ. ಗೆಲ್ಲುತ್ತಿರುವವನಿಗೆ ಎಲ್ಲಿಯ ಕರುಣೆ?

ಊಟದ ಹೊತ್ತು ಕಳೆದ ಮೇಲೆ ಒಬ್ಬ ಗಟ್ಟಿ ಹೆಂಗಸು ಬಂದು ಕೂತಳು. ಭಾವ ಕೇಳಿದಳು, ಪಾಟಿ ನೋಡಿದಳು, ಸಿಟ್ಟಾದಳು. ಎದ್ದೂಬಿಟ್ಟಳು. ನೀಲಾ ಮೆಲ್ಲಗೆ ಕೇಳಿದಳು: ‘ಅಕ್ಕಾರ, ಒಂದು ಮಾತು ಕೇಳ್ತೇನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಹದಿನೆಂಟು ಕೊಡಾಕ ಆಗಂಗಿಲ್ಲೇನ್ರಿ? ಇಲ್ಲಾ, ನಿಮ್ಮ ಬಾಜೂ ಮನಿಯಾಕಿಗೆ ಹದಿನೇಳಕ್ಕ ಸಿಕ್ರ ಅಂತ ಅಂಜಿಕೇನ್ರಿ?’

ಹೆಂಗಸು ಪಟ್ಟನೆ ಕೂತಳು. ‘ಖರೇ ಹೇಳ್ತೇನಿ ತಂಗಿ. ಆ ಗಂಗವ್ವ ಪ್ರತಿ ಸಲ ನನಗಿಂತ ಕಡಿಮಿಗೆ ತರತಾಳ. ತಂದು ಬಾಗಿಲದಾಗ ನಿಂತು ಹೇಳ್ತಾಳ.’

‘ಹಂಗಾದ್ರ ಗಂಗವ್ವನ್ನ ಕಳಸ್ರಿ. ಆಕಿಗೆ ಒಂದಾಣೆ ಕಡಿಮಿ ಕೊಟ್ರ ನಿಮ್ಮ ಸೀರಿ ಪುಕ್ಕಟ.’

ಸೀರೆ ಹೋಯಿತು. ಹೋದದ್ದಷ್ಟೇ ಅಲ್ಲ. ಆ ಹೆಂಗಸು ಹೊರಗೆ ನಿಂತು ದಾರಿಯಲ್ಲಿ ಹೋಗುವವರಿಗೆ ಹೇಳತೊಡಗಿದಳು: ‘ಇಲ್ಲೆ ಗಂಗವ್ವಗೂ ಅಷ್ಟ ಅಂತ!’ ಗಂಗವ್ವ ಯಾರೆಂದು ಯಾರೂ ಕೇಳಲಿಲ್ಲ. ಎಲ್ಲರ ಓಣಿಯಲ್ಲೂ ಒಬ್ಬಳು ಇರುತ್ತಾಳಲ್ಲ?

ನಾನು ಚಹಾ ಕುಡಿಯುವುದನ್ನೂ ಮರೆತು ಕೂತೆ. ನಲವತ್ತು ವರ್ಷ ಗಿರಾಕಿಯ ಚಪ್ಪಲಿ ನೋಡಿದ್ದೆ, ಬಳೆ ನೋಡಿದ್ದೆ. ಬಾಜೂ ಮನೆಯಾಕೆಯನ್ನು ನೋಡಿರಲಿಲ್ಲ.

ಹೊತ್ತು ಇಳಿಯುವಷ್ಟರಲ್ಲಿ ಏಳು ಸೀರೆ ಹೋಗಿದ್ದವು. ಅಂಗಡಿಯಲ್ಲಿ ಜನ, ಮೆಟ್ಟಿಲ ಮೇಲೆ ಜನ. ಎಲ್ಲರೂ ನೋಡುತ್ತಿದ್ದರು, ಮುಟ್ಟುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮೊದಲು ಕೈ ಹಾಕುವವರು ಯಾರೆಂದು ಕಾಯುತ್ತಿದ್ದರು. ಪಕ್ಕದ ಅಂಗಡಿಯವನು ದೀಪದ ಬತ್ತಿ ಸರಿ ಮಾಡುತ್ತಿದ್ದ. ಇನ್ನೊಂದು ಸೀರೆ, ನನ್ನ ಮೊಮ್ಮಗಳು ಕಾಲೇಜಿಗೆ. ಅಷ್ಟರಲ್ಲಿ ಗುರುಸಿದ್ದಪ್ಪ ಬಂದ. ಕೋಟು ಹಾಕಿಕೊಂಡು, ಸಂತೆಯ ಚೀಲ ಹಿಡಿದುಕೊಂಡು, ಗಂಟಲು ಸರಿ ಮಾಡಿಕೊಂಡು. ಹಿಂದೆ ಅವನ ಹೆಂಡತಿ ಪಾರ್ವತೆವ್ವ.

ಹೆಂಡತಿಯನ್ನು ಯಾಕೆ ಕರೆತಂದ? ಅವನು ಕರೆತಂದಿರಲಿಲ್ಲ. ಮನೆ ಬಿಡುವಾಗ ‘ಚನ್ನಪ್ಪನ ಸೀರಿ ಅಂಗಡಿಗೆ ಹೋಗಿ ಬರ್ತೇನಿ’ ಎಂದನಂತೆ. ಎಂಥ ಪೆದ್ದ! ಮೂವತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದವನಿಗೆ, ಹೆಂಡತಿಯ ಮುಂದೆ ಬಾಯಲ್ಲಿ ಬರಬಾರದ ಎರಡು ಶಬ್ದ ಯಾವುವೆಂದು ಗೊತ್ತಿಲ್ಲವೇ?

ಗುರುಸಿದ್ದಪ್ಪ ಗಾದಿಯ ಅಂಚಿಗೆ ನಿಂತು, ನಾನು ಹೇಳಿಕೊಟ್ಟಂತೆ ಶುರು ಮಾಡಿದ. ‘ಏನಿದು ಪಾಟಿ? ಒಂದೇ ಭಾವ? ಇದೇನು ಅಂಗಡಿಯೋ, ರೇಶನ್...’

‘ಅಲ್ರೀ, ಸ್ವಲ್ಪ ಸುಮ್ಮನಿರ್ರಿ,’ ಎಂದಳು ಪಾರ್ವತೆವ್ವ. ಅವಳ ಕೈ ಒಂದು ಸೀರೆಯ ಮೇಲಿತ್ತು. ಹಸಿರು ಒಡಲು, ಕೆಂಪು ದಡಿ. ‘ನೀಲವ್ವಾ, ಇದಕ್ಕೆಷ್ಟು?’

‘ಹದಿನೆಂಟ್ರಿ, ಅಮ್ಮಾ.’

ಪಾರ್ವತೆವ್ವ ತನ್ನ ಸೆರಗು ಹಿಡಿದು ಆ ಸೀರೆಯ ಪಕ್ಕಕ್ಕೆ ಇಟ್ಟಳು. ಅದೇ ಹಸಿರು. ಅದೇ ದಡಿ. ಹೋದ ದೀಪಾವಳಿಗೆ ಗುರುಸಿದ್ದಪ್ಪ ನನ್ನ ಹತ್ತಿರವೇ ಕೊಂಡದ್ದು. ಅವತ್ತು ನಾನು ಮೂವತ್ತರಿಂದ ಶುರು ಮಾಡಿದ್ದೆ. ಅವನು ಒಂದು ತಾಸು ಜಗ್ಗಾಡಿ, ಎರಡು ಸಲ ಮೆಟ್ಟಿಲು ಇಳಿದು, ನನ್ನನ್ನು ಇಪ್ಪತ್ತೆರಡಕ್ಕೆ ತಂದಿದ್ದ. ಗೆದ್ದ ಸಂತೋಷಕ್ಕೆ ನನಗೇ ಚಹಾ ಕುಡಿಸಿದ್ದ.

‘ಇದು ಎಷ್ಟಕ್ಕ ಬಂತು ಅಂದಿದ್ರಿ?’ ಎಂದು ಗಂಡನನ್ನು ಕೇಳಿದಳು.

ಗುರುಸಿದ್ದಪ್ಪನ ಬಾಯಿ ತೆರೆದೇ ಇತ್ತು. ರೇಶನ್ ಎಂಬುದರ ಮುಂದಿನ ‘ಡಿಪೋ’ ಒಳಗೇ ಉಳಿದಿತ್ತು.

‘ಇಪ್ಪತ್ತೆರಡು ಅಂದಿದ್ರಿ. ಬ್ಯಾರೇ ಯಾರಿಗೂ ಇಷ್ಟಕ್ಕ ಕೊಡಂಗಿಲ್ಲ, ಗೆಳೆಯಾ ಅಂತ ನನಗಷ್ಟ ಕೊಟ್ಟಾನ ಅಂದಿದ್ರಿ. ನಾನು ಓಣಿ ತುಂಬ ಹೇಳಿ ಬಂದೇನಿ.’

ಅವನು ನಿಧಾನವಾಗಿ ತಿರುಗಿ ಬೀದಿಗಿಳಿದ. ನನ್ನನ್ನು ಹುಡುಕಿದ. ನಾನು ಬೆಂಚಿನ ಮೇಲೆ ಎಷ್ಟು ಸಣ್ಣವನಾಗಲು ಸಾಧ್ಯವೋ ಅಷ್ಟು ಸಣ್ಣವನಾಗಿದ್ದೆ. ಆಗ ಬಂತು ನೋಡಿ ಆ ಗಂಟಲು.

‘ಲೇ ಕಳ್ಳಾ! ಚನ್ನಪ್ಪಾ! ನನಗಂತ ಇಪ್ಪತ್ತೆರಡೇನೋ? ಮೊಮ್ಮಗಳು ಊರಿಗೆಲ್ಲ ಹದಿನೆಂಟಕ್ಕ ಕೊಡಾಕತ್ತಾಳ, ನೀ ಗೆಳೆಯಾಗ ಇಪ್ಪತ್ತೆರಡಕ್ಕ ಕೊಟ್ಟೀಯಲ್ಲೋ!’

ಚೀರಾಡು ಎಂದಿದ್ದೆ, ಚೀರಾಡಿದ. ಜನ ಸೇರಲಿ ಎಂದಿದ್ದೆ, ಸೇರಿದರು. ಸಂತೆಯ ಅರ್ಧ ಜನ ನಮ್ಮ ಓಣಿಯಲ್ಲಿದ್ದರು. ಅವರೆಲ್ಲ ಕೇಳಿಸಿಕೊಂಡದ್ದು ಒಂದೇ ಮಾತು: ಮುದುಕ ಇಪ್ಪತ್ತೆರಡು, ಹುಡುಗಿ ಹದಿನೆಂಟು. ಇಂಥ ಜಾಹೀರಾತನ್ನು ಯಾವ ಪುಸ್ತಕ ಕಲಿಸೀತು? ಯಾವ ಪತ್ರಿಕೆ ಅಚ್ಚು ಹಾಕೀತು?

ಎಂಟನೆಯ ಸೀರೆಯನ್ನು ಪಾರ್ವತೆವ್ವನೇ ತೆಗೆದುಕೊಂಡಳು, ತನ್ನ ಸೊಸೆಗೆಂದು. ಒಂದು ಮಾತೂ ಜಗ್ಗಾಡಲಿಲ್ಲ. ಆಮೇಲೆ ಎಷ್ಟು ಹೋದವೋ ನಾನು ಎಣಿಸಲಿಲ್ಲ. ಗುರುಸಿದ್ದಪ್ಪ ನನ್ನ ರಟ್ಟೆ ಹಿಡಿದು ಅಂಗಡಿಗೆ ಎಳೆದುಕೊಂಡು ಬರುತ್ತಿದ್ದ.

ನಾನು ಪಾರ್ವತೆವ್ವನಿಗೆ ಕೈಮುಗಿದೆ. ‘ನಾಲ್ಕು ರೂಪಾಯಿ ತಿರುಗಿ ಕೊಡ್ತೇನಿ, ಅಕ್ಕಾ.’

‘ರೊಕ್ಕ ಬ್ಯಾಡ್ರಿ, ಅಣ್ಣಾರ. ನಮ್ಮವರಷ್ಟು ಚೌಕಾಶಿ ಹುಬ್ಬಳ್ಳ್ಯಾಗ ಯಾರಿಗೂ ಬರಂಗಿಲ್ಲ ಅಂತ ಇಷ್ಟ ವರ್ಷ ನನ್ನ ಸಂತಿಗೆ ಬಿಟ್ಟಿಲ್ಲ. ಇನ್ನ ಸಂತಿ ನಾನ ಮಾಡ್ತೇನಿ. ಅದ ಸಾಕು.’ ಎಂದು ಗಂಡನ ಕೈಯಿಂದ ಸಂತೆಯ ಚೀಲ ಕಸಿದುಕೊಂಡಳು. ಅವಳಷ್ಟು ಸಂತೋಷದಲ್ಲಿದ್ದವರು ಆ ಸಂಜೆ ಪೇಟೆಯಲ್ಲಿ ಇನ್ಯಾರೂ ಇರಲಿಲ್ಲ.

ಚೀಲ ಹೋದ ಸಿಟ್ಟಿಗೆ ಗುರುಸಿದ್ದಪ್ಪ ಉಳಿದದ್ದನ್ನೂ ಹೇಳಿಬಿಟ್ಟ. ‘ನೀಲವ್ವಾ, ಕೇಳಿಲ್ಲೆ. ನಿನ್ನ ಮ್ಯಾಲೆ ಚೀರು ಅಂತ ನನ್ನ ಕಳಿಸಿದಾಂವಾ ನಿಮ್ಮಜ್ಜನ.’

ನೀಲಾ ಸೀರೆ ಮಡಿಚುತ್ತಿದ್ದಳು. ಕೈ ನಿಂತಿತು. ಬೈಯುತ್ತಾಳೆ ಎಂದುಕೊಂಡೆ. ಅತ್ತರೆ ಏನು ಮಾಡಲಿ ಎಂದುಕೊಂಡೆ. ಅವಳು ನನ್ನನ್ನು ನೋಡದೆ ಕೇಳಿದಳು: ‘ಮಾಸ್ತರಜ್ಜಗ ಏನು ಕೊಡ್ತೇನಿ ಅಂದಿದ್ದಿ?’

‘ಒಂದು ಪ್ಲೇಟ್ ಮಿರ್ಚಿ. ಒಂದು ಎಲಿ ಅಡಿಕಿ.’

‘ಅವರು ಎಷ್ಟು ಕೇಳಿದ್ರು?’

‘ಎರಡು ಪ್ಲೇಟ್.’

‘ಅದರಾಗೂ ಚೌಕಾಶಿ ಮಾಡಿದೀಯಲ್ಲ, ಅಜ್ಜಾ.’

ಗೆಳೆಯನ ಗಂಟಲಿಗಿಂತ ಆ ಮಾತು ಜೋರಾಗಿ ಬಿತ್ತು. ಅವಳ ನಾಲ್ಕು ವರ್ಷದ ಓದನ್ನು ನಾನು ಒಂದು ಪ್ಲೇಟ್ ಮಿರ್ಚಿಗೆ ಮಾರಲು ಹೊರಟಿದ್ದೆ. ಅದೂ ‘ನಿನಗಂತ’ ಎಂದು.

ಯಾಕೆ ಹೀಗೆ ಮಾಡಿದೆ? ಮನೆಗೆ ನಡೆಯುತ್ತ ಅದನ್ನೇ ಕೇಳಿಕೊಂಡೆ. ವ್ಯಾಪಾರ ಕಾಲೇಜಿನಲ್ಲಿ ಬರುವುದಿಲ್ಲ ಎಂಬ ನಂಬಿಕೆಯೇ? ಹಾಗಿದ್ದರೆ ಸುಮ್ಮನೆ ಕೂತು ಅವಳು ಸೋಲುವುದನ್ನು ನೋಡಬಹುದಿತ್ತು. ನಂಬಿಕೆ ಇದ್ದವನು ಗಂಟಲು ಬಾಡಿಗೆಗೆ ತರುವುದಿಲ್ಲ. ನನಗಿದ್ದದ್ದು ಹೆದರಿಕೆ. ಅವಳು ಡಿಗ್ರಿ ಮುಗಿಸಿ ಬಂದರೆ ಪೇಟೆಯವರು ತಾರು ಓದಿಸಲು ಯಾರಲ್ಲಿಗೆ ಹೋಗುತ್ತಾರೆ? ಇಷ್ಟು ಸಣ್ಣ ಹೆದರಿಕೆ. ಬರೆಯಲೂ ನಾಚಿಕೆ. ಆದರೆ ಬಿ.ಕಾಂ. ಬಗ್ಗೆ ಕೊಂಕು ಬರೆದದ್ದು ಇದೇ ಜಾಗದಲ್ಲಿ. ತಪ್ಪಾಯಿತೆಂದು ಬರೆಯಬೇಕಾದದ್ದೂ ಇದೇ ಜಾಗದಲ್ಲಿ. ಗಲ್ಲೆಯ ಮೇಲೆ ಅಂಟಿಸಿದ ಸಾವುಕಾರರು ದಯವಿಟ್ಟು ಇದನ್ನೂ ಅದರ ಮೇಲೆಯೇ ಅಂಟಿಸಬೇಕು.

ಗದಗಿನವರಿಗೆ ‘ಹುಡುಗಿ ಓದಾಕತ್ತಾಳ’ ಎಂದು ಹೇಳಿಕಳಿಸಿದೆ. ಸೋಮವಾರ ನೀಲಾಳನ್ನು ಟಾಂಗಾದಲ್ಲಿ ಕೂರಿಸಿಕೊಂಡು ಕಾಲೇಜಿಗೆ ಹೋದೆ. ಕ್ಲಾರ್ಕು ಕನ್ನಡಕದ ಮೇಲಿಂದ ನೋಡಿ ‘ಹುಡುಗ ಎಲ್ಲಿ?’ ಎಂದ. ‘ಹುಡುಗಿ ಇಲ್ಲಿ,’ ಎಂದೆ. ಇನ್ನೊಮ್ಮೆ ನೋಡಿದ. ಹೆಸರು ಬರೆದುಕೊಂಡ. ಫೀ ಇಷ್ಟು ಎಂದ.

ನಲವತ್ತು ವರ್ಷದ ಚಟ ನೋಡಿ, ಎರಡು ದಿನದಲ್ಲಿ ಬಿಡುತ್ತದೆಯೇ? ನನ್ನ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. ‘ಒಂದೇ ಊರಿನವರು ನಾವು. ಸ್ವಲ್ಪ ನೋಡಿ ಹೇಳ್ರಲ್ಲ,’ ಎಂದೆ.

‘ಅಜ್ಜಾರ,’ ಎಂದ ಅವನು, ‘ಇಲ್ಲೆ ಎಲ್ಲಾರಿಗೂ ಅಷ್ಟ.’

ನಾನು ಏಳಲು ನೋಡಿದೆ. ಒಂದು ಹೆಜ್ಜೆ ಬಾಗಿಲ ಕಡೆಗೆ ಇಟ್ಟರೆ ಕರೆಯುತ್ತಾನೇನೋ ಎಂಬ ಆಸೆ. ನೀಲಾ ನನ್ನ ಕೋಟಿನ ತುದಿ ಹಿಡಿದು ಕೂರಿಸಿದಳು. ನಗು ತಡೆದು ತಡೆದು ಅವಳ ಕಣ್ಣಲ್ಲಿ ನೀರು ಬಂದಿತ್ತು. ಪೂರ್ತಿ ಫೀ ಕಟ್ಟಿದೆ. ಗುರುಸಿದ್ದಪ್ಪನಿಗೂ ಅದೇ ಸಂಜೆ ಎರಡು ಪ್ಲೇಟ್ ಮಿರ್ಚಿ ತಿನ್ನಿಸಿದೆ. (ಮೂರನೆಯದನ್ನು ಅವನೇ ಹೇಳಿದ. ನಾನು ಬೇಡವೆನ್ನಲಿಲ್ಲ.)

ನೀಲಾಳ ಪಾಟಿ ಈಗಲೂ ಅಂಗಡಿಯ ಬಾಗಿಲಲ್ಲೇ ತೂಗುತ್ತಿದೆ. ಇನ್ನು ಮುಂದೆ ನನ್ನಲ್ಲಿ ಎಲ್ಲರಿಗೂ ಒಂದೇ ಭಾವ; ಗೆಳೆಯರಿಗೂ, ಗಂಗವ್ವನಿಗೂ. ನೀವೆಲ್ಲ ಬನ್ನಿ, ಮನೆಯವರನ್ನೂ ಕರೆತನ್ನಿ. ಒಂದೇ ಒಂದು ವಿನಂತಿ.

ನನ್ನ ಹತ್ತಿರ ಕೊಂಡ ಹಳೆಯ ಸೀರೆ ಉಟ್ಟುಕೊಂಡು ಮಾತ್ರ ಬರಬೇಡಿ.